ಕರ್ಪೂರ ಆರಿದ ಮೇಲೂ ಉರಿದ ದೀಪ

ಬಾಯ್ಲರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಮನೆಗೆ ಬಂದರೆ ಮೊದಲು ಕೇಳುವುದು ಕೆಲಸದ ಬಗ್ಗೆ ಅಲ್ಲ. "ಆಂಟಿ, ರಷ್ಯಾದಲ್ಲಿ ವೆಜಿಟೇರಿಯನ್ ಫುಡ್ ಸಿಕ್ತಿತ್ತಾ?" ಎಂದು ಕೇಳುತ್ತಾರೆ. ಆಮೇಲೆ, "ಅಷ್ಟು ಚಳೀಲಿ ಹೇಗೆ ಮ್ಯಾನೇಜ್ ಮಾಡಿದ್ರಿ?" ಮೊದಲನೆಯದಕ್ಕೆ ನನ್ನ ಉತ್ತರ ಸಬ್ಬಸಿಗೆ ಸೊಪ್ಪು. ಎರಡನೆಯದಕ್ಕೆ ಉತ್ತರ ಶುರು ಮಾಡುವಷ್ಟರಲ್ಲಿ ಅವರ ಕಾಫಿ ಮುಗಿದಿರುತ್ತದೆ, ಊರಿನ ಸೇತುವೆಯ ಮೇಲಿನ ಟ್ರಾಫಿಕ್ ನೆನಪಾಗಿ ಎದ್ದು ಹೊರಟುಬಿಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವಾಗಲಾದರೂ ನಡುವೆ ಎದ್ದು ಹೋಗಬೇಡಿ.

ನಾನು ಕಂಟ್ರೋಲ್ಸ್ ಎಂಜಿನಿಯರ್ ಆಗಿದ್ದವಳು. ದೊಡ್ಡ ಬಾಯ್ಲರುಗಳಲ್ಲಿ ಬೆಂಕಿ ಯಾವಾಗ ಹೊತ್ತಬೇಕು, ಯಾವಾಗ ಗ್ಯಾಸ್ ನಿಲ್ಲಬೇಕು ಎಂದು ತೀರ್ಮಾನಿಸುವ ಪ್ಯಾನೆಲ್‌ಗಳನ್ನು ನಮ್ಮ ನ್ಯೂಜೆರ್ಸಿಯ ಕಂಪನಿ ಮಾಡುತ್ತಿತ್ತು. ಅವುಗಳನ್ನು ಕೊಂಡವರ ಊರಿಗೆ ಹೋಗಿ ಕೂರಿಸಿ, ನಡೆಸಿ ತೋರಿಸಿ, ಒಪ್ಪಿಸಿ ಬರುವುದು ನನ್ನ ಕೆಲಸ. ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ನನಗೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಕುರ್ಚಿ ಬದಲಾಗುತ್ತಿತ್ತು, ಬೆನ್ನುನೋವು ಅದೇ ಇರುತ್ತಿತ್ತು.

ಹೆಚ್ಚುಕಡಿಮೆ ಒಂದೂವರೆ ದಶಕದ ಹಿಂದೆ ನನ್ನನ್ನು ರಷ್ಯಾಕ್ಕೆ ಕಳಿಸಿದರು. ಮಾಸ್ಕೋ ಅಲ್ಲ. ಉರಲ್ ಬೆಟ್ಟಗಳ ಈಚೆ, ಕಾಮಾ ನದಿಯ ದಂಡೆಯ ಒಂದು ಊರು. ಹೆಸರು ಬೇಡ, ನಾನು ಹೇಳಲಿರುವ ಜನ ಇನ್ನೂ ಅಲ್ಲೇ ಇದ್ದಾರೆ. ಮಗಳ ಸ್ಕೂಲು, ಅಡುಗೆ, ಹಿಮ ಎತ್ತುವುದು ಎಲ್ಲವನ್ನೂ ಗಂಡನ ತಲೆಗೆ ಕಟ್ಟಿ ಹೊರಟೆ. ಅವರು ತಕರಾರಿಲ್ಲದೆ ಒಪ್ಪಿದರು. ಆ ಋಣ ಇನ್ನೂ ತೀರಿಸುತ್ತಿದ್ದೇನೆ.

ನನ್ನ ಜೊತೆಗೆ ಬಂದವರು ಗುರುರಾಜ. ಧಾರವಾಡದವರು, ನಮ್ಮ ಕಂಪನಿಯದೇ ಪಾರ್ಸಿಪನಿ ಆಫೀಸಿನಲ್ಲಿ ಪ್ರೋಗ್ರಾಮರ್. ಸೋವಿಯತ್ ಕಾಲದಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಅಲ್ಲೇ ಓದಿದ್ದರಿಂದ ಅವರಿಗೆ ರಷ್ಯನ್ ನೀರು ಕುಡಿದಷ್ಟು ಸಲೀಸು. ನನಗೆ ಬರುತ್ತಿದ್ದದ್ದು ಅಂಗಡಿಯಲ್ಲಿ ಹಾಲು, ಮೊಸರು ಕೇಳುವಷ್ಟು. ಹಾಗಾಗಿ ಬಾಯ್ಲರ್ ಮನೆಯ ಮುಖ್ಯ ಎಂಜಿನಿಯರ್ ಗಲೀನಾ ಪೆತ್ರೊವ್ನಾ ಹೇಳಿದ್ದನ್ನೆಲ್ಲ ಗುರುರಾಜ ನನಗೆ ಕನ್ನಡಕ್ಕೆ ತಿರುಗಿಸುತ್ತಿದ್ದರು, ಅದೂ ತಮ್ಮ ಊರಿನ ಕನ್ನಡಕ್ಕೆ. ಇದರ ಫಲವಾಗಿ ಆ ಎತ್ತರದ, ಬೆಳ್ಳಿಗೂದಲಿನ ರಷ್ಯನ್ ಹೆಂಗಸು ನನ್ನ ನೆನಪಿನಲ್ಲಿ ಇವತ್ತಿಗೂ ಧಾರವಾಡದ ಕನ್ನಡದಲ್ಲೇ ಬೈಯುತ್ತಾರೆ.

ಮೊದಲ ದಿನವೇ ಬೈಸಿಕೊಂಡೆ. ಅಮೆರಿಕದಲ್ಲಿ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹಲ್ಲು ಕಿರಿದು ನನಗೆ ರೂಢಿಯಾಗಿಬಿಟ್ಟಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರಿಗೂ ನಕ್ಕೆ. ಗಲೀನಾ ಪೆತ್ರೊವ್ನಾ ಗುರುರಾಜರ ಕಡೆ ತಿರುಗಿ ಏನೋ ಅಂದರು.

"ಏನಂತೆ?" ಎಂದೆ.

"ಈಕಿಗೆ ಯಾರರ ಏನರ ಚೇಷ್ಟೆ ಮಾತು ಹೇಳ್ಯಾರೇನು, ಸುಮ್ಮ ಸುಮ್ಮನ ಯಾಕ ನಗತಾಳ, ಅಂತ ಕೇಳ್ಲಿಕತ್ತಾರ್ರೀ ಅಕ್ಕಾರ," ಎಂದರು ಗುರುರಾಜ, ಮುಖದ ಒಂದು ಗೆರೆಯೂ ಅಲ್ಲಾಡದಂತೆ.

ಎರಡನೆಯ ದಿನ ಗಲೀನಾ ಪೆತ್ರೊವ್ನಾ ನನ್ನ ಹೆಸರು ಕೇಳಿದರು. ವಸುಧಾ ಎಂದೆ. ಅಷ್ಟು ಸಾಲದು, ಅಪ್ಪನ ಹೆಸರು ಬೇಕು ಎಂದರು. ಅಲ್ಲಿ ಹಿರಿಯರನ್ನೂ ಜೊತೆ ಕೆಲಸದವರನ್ನೂ ಗೌರವದಿಂದ ಕರೆಯಬೇಕಾದರೆ ಹೆಸರಿಗೆ ಅಪ್ಪನ ಹೆಸರೂ ಸೇರಬೇಕು. ನರಸಿಂಹಯ್ಯ ಎಂದೆ. ಅವರು ಒಂದೆರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಅಂದಿನಿಂದ ನನ್ನನ್ನು ವಸುಧಾ ನರಸಿಂಹೊವ್ನಾ ಮಾಡಿಬಿಟ್ಟರು. ನ್ಯೂಜೆರ್ಸಿಯಲ್ಲಿ ನನ್ನ ಬಾಸ್ ಡೇವ್ ನನ್ನನ್ನು ವರ್ಷಗಟ್ಟಲೆ 'ವ್ಯಾಸ್' ಎಂದು ಕರೆದಿದ್ದ. ಇಲ್ಲಿ ಎಣ್ಣೆ ಮೆತ್ತಿದ ಅಂಗಿಯ ಆಪರೇಟರುಗಳು ದಿನಕ್ಕೆ ಎಷ್ಟೋ ಸಲ ನನ್ನ ಅಪ್ಪನ ಹೆಸರು ಹೇಳುತ್ತಿದ್ದರು. ತೀರಿಹೋದ ಅಪ್ಪ ಮತ್ತೆ ವರ್ಕ್‌ಶಾಪಿಗೆ ಬಂದಂತಾಗುತ್ತಿತ್ತು.

ಮನೆ ಸಿಕ್ಕಿದ್ದು ಬಾಯ್ಲರ್ ಮನೆಗೆ ನಡೆದು ಹೋಗುವಷ್ಟು ದೂರದ ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಯಜಮಾನಿ ತಮಾರಾ ಇವಾನೊವ್ನಾ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು. ಸಂಗೀತದ ಟೀಚರ್ ಆಗಿ ರಿಟೈರಾದ, ಒಂಟಿಯಾಗಿದ್ದ ಮುದುಕಿ. ಗುರುರಾಜ ಅವರನ್ನು ಬಂದ ವಾರದಲ್ಲೇ 'ಅವ್ವ' ಮಾಡಿಕೊಂಡರು. ಬೇಸಿಗೆಯಲ್ಲಿ ಅಲ್ಲಿ ಕೊಳವೆ ರಿಪೇರಿಗೆಂದು ಊರಿಗೆ ಊರೇ ಬಿಸಿನೀರು ನಿಲ್ಲಿಸುತ್ತಾರೆ. ಪಾಪ, ಅಮೆರಿಕದವಳು ಒದ್ದಾಡುತ್ತಾಳೆ ಎಂದು ತಮಾರಾ ಇವಾನೊವ್ನಾ ನನ್ನನ್ನು ನೋಡಲು ಬಂದರು. ನಾನು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಕೆಟ್ಟಿಗೆ ಸುರಿದು, ಚೊಂಬು ಹುಡುಕುತ್ತಿದ್ದೆ. ಬಹಳ ವರ್ಷದ ಮೇಲೆ ಮೈಸೂರಿನ ಬಚ್ಚಲುಮನೆಯ ಸ್ನಾನ ಸಿಕ್ಕ ಖುಷಿಯಲ್ಲಿದ್ದವಳನ್ನು ನೋಡಿ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತೇನೋ. ಮರುದಿನ ಸಬ್ಬಸಿಗೆ ಸೊಪ್ಪಿನ ಒಂದು ಹೊರೆ ತಂದುಕೊಟ್ಟರು. ಅಲ್ಲಿ ಆಲೂಗಡ್ಡೆ, ಸೂಪು, ಸೌತೆಕಾಯಿ, ಯಾವುದಕ್ಕೂ ಸಬ್ಬಸಿಗೆ ಇಲ್ಲದೆ ಅವರಿಗೆ ಕೈ ಬರುವುದಿಲ್ಲ. ಅಕ್ಕಿಹಿಟ್ಟು ಹುಡುಕಿ ರೊಟ್ಟಿ ತಟ್ಟಿದೆ. ಅವರು ತಿಂದರು, ಇನ್ನೊಂದು ಕೇಳಿದರು. ನಮ್ಮ ಸ್ನೇಹಕ್ಕೆ ಭಾಷೆ ಅಷ್ಟೇನೂ ಬೇಕಾಗಲಿಲ್ಲ.

ಈಗ ಕೆಲಸದ ವಿಷಯ. ಆ ಊರಲ್ಲಿ ಮನೆಗೊಂದು ಹೀಟರ್ ಇಲ್ಲ, ಬಡಾವಣೆಗೊಂದು ಬಾಯ್ಲರ್ ಮನೆ. ಅಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹೋಗಿ ಎಲ್ಲ ಮನೆಗಳ ರೇಡಿಯೇಟರುಗಳಲ್ಲಿ ಸುತ್ತಿ ಮತ್ತೆ ವಾಪಸು ಬರುತ್ತದೆ. ಚಳಿಗಾಲದ ಮುಂಚೆ ಊರಿನ ಆಡಳಿತದವರು ಒಂದು ದಿನ ಗೊತ್ತು ಮಾಡುತ್ತಾರೆ, ಅಂದು ಇಡೀ ಬಡಾವಣೆಗೆ ಒಟ್ಟಿಗೆ ಬಿಸಿ ಬರಬೇಕು. ಬರದಿದ್ದರೆ ಯಾರ ಮನೆಗೂ ಬರುವುದಿಲ್ಲ. ಹಸುಗೂಸಿನ ಮನೆಗೂ ಇಲ್ಲ, ತಮಾರಾ ಇವಾನೊವ್ನಾರ ಮನೆಗೂ ಇಲ್ಲ.

ನಮ್ಮ ಪ್ಯಾನೆಲ್ಲಿಗೆ ಒಂದೊಂದು ಬರ್ನರ್‌ಗೂ ಒಂದೊಂದು ಕಣ್ಣಿತ್ತು. ಬೆಂಕಿಯನ್ನು ನೋಡುತ್ತಿರುವ ಗಾಜಿನ ಟ್ಯೂಬು ಅದು, ನಾವು ಕಣ್ಣು ಎಂದೇ ಕರೆಯುತ್ತಿದ್ದೆವು. ಬೆಂಕಿ ಕಂಡರೆ ಪ್ಯಾನೆಲ್ಲಿನಲ್ಲಿ ಒಂದು ಹಸಿರು ದೀಪ ಹೊತ್ತುತ್ತದೆ. ಬೆಂಕಿ ಅಕಸ್ಮಾತ್ ಆರಿದರೆ ದೀಪವೂ ಆರಿ, ಆ ಕ್ಷಣವೇ ಗ್ಯಾಸ್ ನಿಲ್ಲುತ್ತದೆ. ಕಣ್ಣು ಸುಳ್ಳು ಹೇಳಿದರೆ ಗತಿ ಏನು? ಬೆಂಕಿ ಇಲ್ಲದ ಒಲೆಗೆ ಗ್ಯಾಸ್ ತುಂಬುತ್ತಲೇ ಹೋಗುತ್ತದೆ. ಆಮೇಲೆ ಒಂದು ಕಿಡಿ ಸಾಕು, ಬಾಯ್ಲರ್ ಮನೆಯ ಛಾವಣಿ ಪಕ್ಕದ ಬೀದಿಯಲ್ಲಿ ಬಿದ್ದಿರುತ್ತದೆ.

ಈ ಕಣ್ಣನ್ನು ಪರೀಕ್ಷೆ ಮಾಡಲು ನಮ್ಮ ಹೆಡ್ ಆಫೀಸು ಕಲಿಸಿದ್ದ ಕ್ರಮ ಸುಲಭದ್ದು. ಬರ್ನರ್ ಉರಿಯುತ್ತಿರುವಾಗ ಕಣ್ಣಿನ ತಂತಿ ಕೀಳುವುದು. ದೀಪ ಆರಿತು, ಗ್ಯಾಸ್ ನಿಂತಿತು, ಪಾಸು. ನಾನು ಹೋದ ಊರಲ್ಲೆಲ್ಲ ಹಾಗೇ ಮಾಡಿದ್ದೆ, ಅಲ್ಲೂ ಮಾಡಿದೆ. ಎಲ್ಲವೂ ಪಾಸಾದವು.

ಬಿಸಿ ಬಿಡುವ ದಿನ ದಸರಾದಲ್ಲೇ ಬಂತು, ಆಯುಧಪೂಜೆಯ ಮರುದಿನ. ಮೈಸೂರಿನ ವರ್ಕ್‌ಶಾಪಿನಲ್ಲಿ ಅಪ್ಪ ಲೇತ್ ಮಷೀನಿಗೆ ಹೂವಿನ ಹಾರ ಹಾಕುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕುಂಕುಮ ಇಡದ ಮಷೀನಿಗೆ ಕೈ ಹಚ್ಚುವುದೆಂದರೆ ನಮ್ಮಂಥವರಿಗೆ ಏನೋ ಇರಿಸುಮುರಿಸು. ಗುರುರಾಜರಂತೂ ಸೂಟ್‌ಕೇಸಿನಲ್ಲಿ ಪೂಜೆಯ ಸಾಮಾನು ಇಟ್ಟುಕೊಂಡೇ ವಿಮಾನ ಹತ್ತಿದವರು. ಆಯುಧಪೂಜೆಯ ದಿನ ಪ್ಯಾನೆಲ್ಲಿಗೆ ಕುಂಕುಮ ಮತ್ತು ಒಂದು ಹೂ, ಅಷ್ಟೇ ಎಂದು ಮಾತಾಗಿತ್ತು. ಗ್ಯಾಸಿನ ಮುಖ್ಯ ವಾಲ್ವ್ ಮುಚ್ಚಿತ್ತು. ಕಣ್ಣುಗಳ ಗಾಜು ಒರೆಸಲೆಂದು ಅವನ್ನು ಬಿಚ್ಚಿ, ತಂತಿ ಸಮೇತ ಪ್ಯಾನೆಲ್ಲಿನ ಮುಂದಿನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆವು. ನಾನು ಹೂವು ಸರಿಮಾಡಿ ತಿರುಗುವಷ್ಟರಲ್ಲಿ ಘಮ್ಮೆಂದು ವಾಸನೆ ಬಂತು. ಗುರುರಾಜ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಪ್ಯಾನೆಲ್ಲಿಗೆ ಮಂಗಳಾರತಿ ಎತ್ತುತ್ತಿದ್ದರು.

ಗ್ಯಾಸಿನ ಬಾಯ್ಲರ್ ಮನೆಯಲ್ಲಿ ಬೆಂಕಿಕಡ್ಡಿ ಗೀರುವುದೇ ಅಪರಾಧ. ಬಾಗಿಲಲ್ಲಿ ನಿಂತಿದ್ದ ಗಲೀನಾ ಪೆತ್ರೊವ್ನಾರ ಕೂಗಿಗೆ ಅನುವಾದ ಬೇಕಾಗಲಿಲ್ಲ. ಆದರೂ ಗುರುರಾಜ, ತಾವೇ ಬೈಸಿಕೊಳ್ಳುತ್ತಾ, ಅಭ್ಯಾಸಬಲದಿಂದ ಅನುವಾದಿಸುತ್ತಾ ಹೋದರು. "ಗ್ಯಾಸಿನ ಮನಿಯೊಳಗ ಬೆಂಕಿ ಹಚ್ಚತೀಯಲ್ಲ, ನಿನಗೇನು ಬುದ್ಧಿಗಿದ್ಧಿ ಅದನೋ ಇಲ್ಲೋ, ಅಂತ ನನಗ ಅನ್ನಲಿಕತ್ತಾರ್ರೀ."

ಅಷ್ಟರಲ್ಲಿ ಕರ್ಪೂರ ಆರಿತು. ನಮ್ಮ ಮನೆಗಳಲ್ಲಿ ದೀಪ 'ಆರಿತು' ಎನ್ನುವುದಿಲ್ಲವಲ್ಲ, ಗುರುರಾಜ ಬೈಗುಳದ ನಡುವೆಯೂ ತಟ್ಟೆ ಕೆಳಗಿಟ್ಟು, ಕಣ್ಣಿಗೆ ಕೈ ಒತ್ತಿಕೊಂಡು, "ಶಾಂತ ಆತು," ಎಂದರು.

ಶಾಂತ ಆಗಿರಲಿಲ್ಲ. ಗಲೀನಾ ಪೆತ್ರೊವ್ನಾ ಬೈಯುತ್ತಿದ್ದವರು ತಟ್ಟನೆ ನಿಲ್ಲಿಸಿ ಪ್ಯಾನೆಲ್ಲಿನ ಕಡೆ ಬೆರಳು ಮಾಡಿದರು. ಮೇಜಿನ ಮೇಲಿದ್ದ ಕಣ್ಣುಗಳು ಆರತಿಯ ಬೆಂಕಿಯನ್ನು ನೋಡಿ ಹಸಿರು ದೀಪಗಳನ್ನು ಹೊತ್ತಿಸಿದ್ದವು, ಅದು ಸರಿಯೇ. ಕರ್ಪೂರ ಆರಿದ ಮೇಲೆ ಉಳಿದವು ಆರಿದ್ದವು. ಎರಡನೇ ಬರ್ನರಿನ ದೀಪ ಮಾತ್ರ ಉರಿಯುತ್ತಲೇ ಇತ್ತು. ತಟ್ಟೆಯಲ್ಲಿ ಕಪ್ಪು ಮಸಿ ಬಿಟ್ಟರೆ ಏನೂ ಇಲ್ಲ, ಆ ಕಣ್ಣು ಮಾತ್ರ ಬೆಂಕಿ ಇದೆ, ಬೆಂಕಿ ಇದೆ ಎನ್ನುತ್ತಿತ್ತು.

 ತಂತಿ ಕಿತ್ತರೆ ಯಾವ ಕಣ್ಣಾದರೂ ಕುರುಡಾಗುತ್ತದೆ, ದೀಪ ಆರಲೇಬೇಕು. ತಂತಿ ಇದ್ದಾಗ, ಎದುರಿನ ಬೆಂಕಿ ಹೋದಾಗ ಆರುತ್ತದೆಯೇ ಎಂಬುದನ್ನು ನಮ್ಮ ಕ್ರಮ ಯಾವತ್ತೂ ಕೇಳಿಯೇ ಇರಲಿಲ್ಲ. ಆ ಕಣ್ಣನ್ನು ಉದ್ದದ ತಂತಿ ಜೋಡಿಸಿ ಅಂಗಳಕ್ಕೆ ಒಯ್ದು ಲೈಟರ್ ಹಿಡಿದು ಮತ್ತೆ ಮತ್ತೆ ನೋಡಿದೆವು. ಒಮ್ಮೆ ಆರುತ್ತಿತ್ತು, ಒಮ್ಮೆ ಇಲ್ಲ. ಕೆಟ್ಟ ಟ್ಯೂಬು. ಬಿಡಿಭಾಗವೆಂದು ತಂದಿದ್ದನ್ನು ಹಾಕಿದರೆ ಅದೂ ಅದೇ ಕಾರ್ಖಾನೆಯ ಅದೇ ಸರಕು, ಅದೇ ರೋಗ. ಒಂದರ ಮೇಲೆ ನಂಬಿಕೆ ಹೋದರೆ ಎಲ್ಲದರ ಮೇಲೂ ಹೋದ ಹಾಗೆ.

ಡೇವ್‌ಗೆ ಫೋನ್ ಮಾಡಿದೆ. ಡೇವ್ ಕೆಟ್ಟವನಲ್ಲ, ಅವಸರದವನು. ಕಣ್ಣಿನ ಜಾಗಕ್ಕೆ ತಂತಿ ಸೇರಿಸಿ ಬೈಪಾಸ್ ಮಾಡು, ಒಬ್ಬ ಆಪರೇಟರ್ ಕಿಂಡಿಯಲ್ಲಿ ಬೆಂಕಿ ನೋಡುತ್ತಾ ಕೂರಲಿ, ಕೆಲಸ ಒಪ್ಪಿಕೊಂಡೆವೆಂಬ ಸಹಿ ತಗೊಂಡು ಬಾ, ಟ್ಯೂಬುಗಳನ್ನು ಆಮೇಲೆ ಕಳಿಸೋಣ ಎಂದ. ಆಗದು ಎಂದೆ. ಹಾಗಾದರೆ ಈ ಕಸ್ಟಮರ್ ಕೈತಪ್ಪಿದರೆ ಹೊಣೆ ನಿನ್ನದು ಎಂದು ಫೋನ್ ಇಟ್ಟ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಗಿತ್ತು. ಅಂದು ಸಂಜೆ ಹಿಮ ಉದುರಲು ಶುರುವಾಗಿತ್ತು.

ಗಲೀನಾ ಪೆತ್ರೊವ್ನಾರ ಮೇಲಿನವರೂ ಅದನ್ನೇ ಹೇಳಿದರು. ಎಲ್ಲ ಊರುಗಳಲ್ಲೂ ಮೇಲಿನವರು ಒಂದೇ ಶಾಲೆಯಲ್ಲಿ ಓದಿರುತ್ತಾರೆ ಅಂತ ಕಾಣುತ್ತದೆ. ಗಲೀನಾ ಪೆತ್ರೊವ್ನಾ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಒಂದೇ ಮಾತು ಹೇಳಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಸಹಿ ಇಲ್ಲದ ಇಲ್ಲೆ ಬೆಂಕಿ ಹತ್ತೂದಿಲ್ಲ. ನಾ ಸಹಿ ಮಾಡೂದಿಲ್ಲ. ಬೇಕಾದರ ನನ್ನ ತೆಗೆದು ಬ್ಯಾರೆಯವರನ್ನ ತರ್ರಿ, ಅಂದ್ನಿ, ಅಂತ ಹೇಳ್ತಾರ್ರೀ," ಎಂದರು ಗುರುರಾಜ. ಆಮೇಲೆ ತಮ್ಮ ಮಾತಾಗಿ ಸೇರಿಸಿದರು, "ಅಕ್ಕಾರ, ಇವರು ರಿಟೈರ್ ಆಗಲಿಕ್ಕೆ ಸ್ವಲ್ಪೇ ದಿನ ಉಳದಾವ."

ಬಿಸಿ ಬರಲಿಲ್ಲ. ಬಡಾವಣೆಯ ಜನ ಕೋಟು ಹಾಕಿಕೊಂಡೇ ಮಲಗಿದರು. ಅಡುಗೆಮನೆಯ ಒಲೆ ಹಚ್ಚಿಟ್ಟು ಅದರ ಸುತ್ತ ಮಕ್ಕಳನ್ನು ಕೂರಿಸಿಕೊಂಡರು. ಭಾರತದಿಂದ ಬಂದ ಹೆಂಗಸೇ ಬಿಸಿ ನಿಲ್ಲಿಸಿದ್ದು ಎಂಬ ಸುದ್ದಿ ಬೇಗ ಹಬ್ಬಿತು. ದಿನಾ ತಲೆದೂಗಿ ಹೋಗುತ್ತಿದ್ದ ಮೊದಲ ಮಹಡಿಯ ತಾತ ಮುಖ ತಿರುಗಿಸಿಕೊಂಡರು. ನನಗೆ ಅತ್ತುಬಿಡಬೇಕು ಅನ್ನಿಸುತ್ತಿತ್ತು.

ಹಾಗಿರುವಾಗ ತಮಾರಾ ಇವಾನೊವ್ನಾ ಬಾಗಿಲು ತಟ್ಟಿದರು. ಉಗಿಸಿಕೊಳ್ಳಲು ತಯಾರಾಗಿಯೇ ತೆಗೆದೆ. ಹೊಸಿಲಿನ ಮೇಲೆ ಏನನ್ನೂ ಕೊಡಬಾರದು ಎನ್ನುವುದು ಅವರ ಶಾಸ್ತ್ರ, ನಮ್ಮಮ್ಮನದೂ ಅದೇ. ಒಳಗೆ ಬಂದು, ಬಾಗಿಲು ಹಾಕಿಕೊಂಡು, ತಾವು ಹೊದ್ದಿದ್ದ ಮೇಕೆಯ ಉಣ್ಣೆಯ ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದರು. ನಿಮಗೆ ಬೇಕಲ್ಲ ಎಂದು ಕೈಸನ್ನೆ ಮಾಡಿದೆ. ಅವರು ಸಣ್ಣ ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ನಿಧಾನವಾಗಿ ಹೇಳಿದರು. ನನ್ನ ಹರುಕು ರಷ್ಯನ್‌ಗೂ ಅರ್ಥವಾಯಿತು. ಚಳಿಗಾದರೆ ಹೊದಿಕೆ ಇದೆ, ಸಿಡಿದು ಹೋದರೆ ಏನು ಹೊದ್ದುಕೊಳ್ಳುವುದು? ನೀನು ನಿನ್ನ ಕೆಲಸ ಮಾಡು.

ಅವರ ಕೈ ಮಂಜುಗಡ್ಡೆಯಾಗಿತ್ತು. ಆ ಕೈ ಹಿಡಿದುಕೊಂಡು ಅತ್ತೇಬಿಟ್ಟೆ.

ಅದಾದ ಮೂರನೆಯ ದಿನ ಬಾಯ್ಲರ್ ಮನೆಯ ಗೇಟಿನ ಮುಂದೆ ಟ್ಯಾಕ್ಸಿ ನಿಂತು ಅದರಿಂದ ಡೇವ್ ಇಳಿದ. ವಿಮಾನ ಎಂದರೆ ಹೆದರಿ ಸಾಯುವ ಡೇವ್, ಫ್ಲೋರಿಡಾಕ್ಕೂ ಕಾರಿನಲ್ಲೇ ಹೋಗುವ ಡೇವ್. ಕೋಟಿನ ಒಳಜೇಬುಗಳಿಂದ, ಕಾಲುಚೀಲದಲ್ಲಿ ಸುತ್ತಿದ ಟ್ಯೂಬುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಬೇರೆ ಕಾರ್ಖಾನೆಯವು. ಫೋನ್ ಇಟ್ಟ ಮೇಲೆ ಅವನಿಗೆ ನಿದ್ದೆ ಬಂದಿರಲಿಲ್ಲವಂತೆ. ತಾನೇ ನಮ್ಮ ಕಂಪನಿಯ ಗೋದಾಮಿಗೆ ಹೋಗಿ, ಸ್ಟಾಕಿನಲ್ಲಿದ್ದ ಕಣ್ಣುಗಳಿಗೆ ಲೈಟರ್ ಹಿಡಿದು ನೋಡಿದನಂತೆ. "ವ್ಯಾಸ್, ಯು ವರ್ ರೈಟ್," ಎಂದ. ನನ್ನ ನೌಕರಿಯಲ್ಲಿ ಬಾಸ್ ಬಾಯಿಂದ ಈ ಮಾತು ಕೇಳಿದ್ದು ಅದೊಂದೇ ಸಲ. ಅವನ ಉಳಿದ ಎಲ್ಲ ಕೂಗಾಟವನ್ನೂ ನಾನು ಅಂದೇ ಮನ್ನಾ ಮಾಡಿದೆ.

ಗ್ಯಾಸಿನ ವಾಲ್ವ್ ಮುಚ್ಚಿಟ್ಟು, ಗಲೀನಾ ಪೆತ್ರೊವ್ನಾರ ಒಪ್ಪಿಗೆಯ ಮೇಲೆ ಹೊಸ ಕಣ್ಣು ಹಾಕಿ, ಒಂದೊಂದರ ಮುಂದೂ ಲೈಟರ್ ಹಚ್ಚಿ, ಆರಿಸಿ ನೋಡಿದೆವು. ದೀಪ ಹೊತ್ತಿತು, ಆರಿತು. ಪ್ರತಿ ಸಲ ಆರಿದಾಗಲೂ ಗುರುರಾಜ "ಶಾಂತ ಆತು" ಅನ್ನುತ್ತಿದ್ದರು. ಕೊನೆಯ ಕಣ್ಣಿಗೆ ಬರುವಷ್ಟರಲ್ಲಿ ಗಲೀನಾ ಪೆತ್ರೊವ್ನಾ ಹಾಗೆಂದರೇನು ಎಂದು ಕೇಳಿ ತಿಳಿದುಕೊಂಡು, ತಾವೇ ಅದನ್ನು ಹೇಳಿದರು. ಸಂಜೆ ಬಿಸಿ ಬಂತೆಂದು ತಮಾರಾ ಇವಾನೊವ್ನಾ ಮೂರನೇ ಮಹಡಿಯಿಂದ ರೇಡಿಯೇಟರಿನ ಕೊಳವೆಗೆ ಚಮಚದಿಂದ ಬಡಿದು ನಮಗೆ ಸುದ್ದಿ ಕಳಿಸಿದರು. ಮೊದಲ ಮಹಡಿಯ ತಾತನೂ ಬಡಿದರು.

ಹೊರಡುವ ದಿನ ಸೂಟ್‌ಕೇಸು ಬಾಗಿಲಿಗೆ ತಂದಾಗ ಗಲೀನಾ ಪೆತ್ರೊವ್ನಾ ಎಲ್ಲರನ್ನೂ ಕೂರಿಸಿದರು. ಪ್ರಯಾಣಕ್ಕೆ ಮುಂಚೆ ಅವರು ಒಂದು ಗಳಿಗೆ ಮಾತಿಲ್ಲದೆ ಕೂರುತ್ತಾರೆ. ನಮ್ಮಲ್ಲಿ ಹೊರಟವರು ಏನೋ ಮರೆತು ತಿರುಗಿ ಬಂದರೆ ಕೂತು ನೀರು ಕುಡಿದು ಹೋಗಿ ಎನ್ನುವುದಿಲ್ಲವೇ, ಸುಮಾರು ಹಾಗೆ. ಗಲೀನಾ ಪೆತ್ರೊವ್ನಾರ ನೌಕರಿ ಹೋಗಲಿಲ್ಲ, ಯಾರೂ ಹೊಗಳಲೂ ಇಲ್ಲ.

ನ್ಯೂಜೆರ್ಸಿಗೆ ಬಂದ ಮೇಲೆ ನಮ್ಮ ಕಂಪನಿಯ ಕ್ರಮ ಬದಲಾಯಿತು. ತಂತಿ ಕೀಳುವ ಪರೀಕ್ಷೆ ಹೋಗಿ, ಬೆಂಕಿಯನ್ನೇ ಆರಿಸಿ ನೋಡುವ ಪರೀಕ್ಷೆ ಬಂತು. ಈ ಕೆಲಸಕ್ಕೆ ಬರುವ ನಿಮಗೆ ನಾನು ಹೇಳುವುದೂ ಇಷ್ಟೇ. ಮಷೀನು ಹೂಂ ಅಂದದ್ದನ್ನು ಎಲ್ಲರೂ ನೋಡುತ್ತಾರೆ. ಅದು ಇಲ್ಲ ಅನ್ನಬೇಕಾದಾಗ ಅನ್ನುತ್ತದೆಯೇ, ಅದನ್ನು ನೋಡಿ.

ಈಗ ನಮ್ಮ ಕಂಪನಿ ಅಲ್ಲಿ ಬಾಗಿಲು ಹಾಕಿ ಕೆಲವು ವರ್ಷಗಳಾದವು. ಎರಡು ದೇಶಗಳ ದೊಡ್ಡವರು ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇಲ್ಲಿಂದ ಒಂದು ಸ್ಕ್ರೂ ಕೂಡ ಅಲ್ಲಿಗೆ ಹೋಗುವುದಿಲ್ಲ. ಆದರೆ ಟ್ಯೂಬಿಗೆ ಆಯಸ್ಸು ಎಂಬುದೊಂದಿದೆ, ಹಳತಾದರೆ ಅದು ಸುಳ್ಳು ಹೇಳಲು ಕಲಿಯುತ್ತದೆ. ಗಲೀನಾ ಪೆತ್ರೊವ್ನಾ ರಿಟೈರಾಗಿದ್ದರೂ ಬಿಸಿ ಬಿಡುವ ದಿನ ಬಾಯ್ಲರ್ ಮನೆಗೆ ಹೋಗುವುದು ಬಿಟ್ಟಿಲ್ಲ. ಪ್ರತಿ ವರ್ಷ ಅಲ್ಲಿಂದ, ಬರ್ನರಿನ ಕಣ್ಣು ಪರೀಕ್ಷೆ ಮಾಡುವ ಒಂದು ಪುಟ್ಟ ವಿಡಿಯೋ ಕಳಿಸುತ್ತಿದ್ದರು. ಈ ವರ್ಷ ನವರಾತ್ರಿ ಕಳೆಯಿತು, ದೀಪಾವಳಿಯೂ ಹತ್ತಿರ ಬಂತು, ಏನೂ ಬರಲಿಲ್ಲ. ನಮ್ಮ ಹೈ-ರೈಸಿನ ರೇಡಿಯೇಟರು ಸುಯ್ಯೆಂದು ಶುರುವಾಯಿತು. ಅದನ್ನು ಮುಟ್ಟಿದಾಗಲೆಲ್ಲ ನನಗೆ ತಮಾರಾ ಇವಾನೊವ್ನಾರ ಆ ತಣ್ಣನೆಯ ಕೈ ನೆನಪಾಗುತ್ತಿತ್ತು. ಗುರುರಾಜ ಪಾರ್ಸಿಪನಿಯಿಂದ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು. "ಅಕ್ಕಾರ, ಏನರ ಬಂತೇನ್ರೀ?"

ಮೊನ್ನೆ ಬೆಳಿಗ್ಗೆ ಕಾಫಿ ಸೋಸುವಾಗ ಬಂತು. ಅದೇ ಪ್ಯಾನೆಲ್ಲು, ಅದರ ಮುಂದೆ ನಾನು ಯಾವತ್ತೂ ನೋಡಿರದ, ಯಾರೋ ಅಲ್ಲಿಯವರೇ ಮಾಡಿರಬೇಕಾದ ಕಣ್ಣು. ಚರ್ಮ ಸುಕ್ಕಾದ ಒಂದು ಕೈ ಲೈಟರ್ ಹಚ್ಚಿತು. ಹಸಿರು ದೀಪ ಹೊತ್ತಿತು. ಕೈ ಲೈಟರ್ ಆರಿಸಿತು. ನಾನು ಕಾಫಿ ಪಾತ್ರೆ ಕೆಳಗಿಟ್ಟು ನೋಡಿದೆ. ದೀಪ ಆರಿತು. ಹಿಂದಿನಿಂದ, ವಯಸ್ಸಾದ ದನಿಯಲ್ಲಿ, ಅಪ್ಪಟ ಧಾರವಾಡದ ಕನ್ನಡ ಕೇಳಿಸಿತು. "ಶಾಂತ ಆತು."

ಗುರುರಾಜರಿಗೆ ಫೋನ್ ಮಾಡಿ ಹೇಳಿದೆ.  ಆ ಕಡೆಯಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ತಮಾರಾ ಅವ್ವನ ಮನಿ ಬೆಚ್ಚಗಾತು ನೋಡ್ರಿ," ಎಂದರು.